ಕಂಪನಿ ಮಾರಾಟವಾಯಿತು ಅಂದರೆ ಏನು? ಹೊಸ ತಂತ್ರಜ್ಞಾನ ಹುಟ್ಟುವುದು ಎಲ್ಲಿ?

ಹೋದ ತಿಂಗಳು ಅಕ್ಕ ಫೋನ್ ಮಾಡಿದಳು. ದನಿಯಲ್ಲಿ ಗಾಬರಿ ಇತ್ತು. "ಇವನ ಕಂಪನೀನ ಯಾರೋ ಅಮೆರಿಕದವರು ತಗೊಂಡ್ರಂತೆ ಕಣೋ. ಹಾಗಾದ್ರೆ ಇವನ ಕೆಲಸದ ಗತಿ?"

ಅಕ್ಕನ ಮಗ ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ವರ್ಷದಿಂದ ಇದ್ದಾನೆ. ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಆಫೀಸಿನಿಂದ ಮೇಲ್ ಬಂದಿತ್ತು. ಮಾಲೀಕರು ಬದಲಾಗಿದ್ದಾರೆ, ಯಾರೂ ಆತಂಕಪಡಬೇಡಿ ಅಂತ ಅದರಲ್ಲಿತ್ತು. ಹಾಗೆ ಬರೆದಿದ್ದನ್ನು ಓದಿಯೇ ಎಲ್ಲರಿಗೂ ಆತಂಕ ಶುರುವಾಯಿತು. ಸಂಜೆ ಅವನೇ ಫೋನ್ ಮಾಡಿ, "ಮಾವ, ಅಷ್ಟು ದೊಡ್ಡ ಕಂಪನಿಗೆ ನಮ್ಮಂಥ ಅರವತ್ತು ಜನರ ಕಂಪನಿ ಯಾಕೆ ಬೇಕು? ನಾವು ಮಾಡಿದ್ದನ್ನ ಅವರೇ ಮಾಡ್ಕೋಬಹುದಲ್ವಾ?" ಎಂದು ಕೇಳಿದ.

ಒಳ್ಳೆಯ ಪ್ರಶ್ನೆ. ಇಂಥ ಸುದ್ದಿ ಈಗ ವಾರಕ್ಕೊಂದು ಬರುತ್ತದೆ. ಸಾವಿರಾರು ಕೋಟಿಯ ಲೆಕ್ಕ ಇರುತ್ತದೆ, ಕೈ ಕುಲುಕುವ ಫೋಟೋ ಇರುತ್ತದೆ. ಏನು ಕೈ ಬದಲಾಯಿತು ಅನ್ನುವುದು ಮಾತ್ರ ಸ್ಪಷ್ಟವಾಗಿ ಇರುವುದಿಲ್ಲ. ಅದನ್ನು ಬುಡದಿಂದ ಬಿಡಿಸಿ ನೋಡೋಣ.

ಕೊಳ್ಳುವುದು ಅಂದರೆ ಏನನ್ನು?

ನಿಮ್ಮ ಬೀದಿಯಲ್ಲಿ ಒಂದು ದೋಸೆ ಹೋಟೆಲ್ ಇದೆ ಅಂದುಕೊಳ್ಳಿ. ನಾಲ್ಕು ಜನ ಪಾಲುದಾರರು. ಹೊರಗಿನವರೊಬ್ಬರು ಬಂದು ಆ ನಾಲ್ವರಲ್ಲಿ ಮೂವರ ಪಾಲನ್ನು ಕೊಂಡರೆ ಹೋಟೆಲ್ ಅವರದಾಯಿತು. ಬೋರ್ಡು ಅದೇ, ಲೈಸೆನ್ಸ್ ಅದೇ, ಹಾಲಿನವನ ಬಾಕಿಯೂ ಅದೇ. ಕಂಪನಿಯ ಪಾಲಿಗೆ ಷೇರು ಅನ್ನುತ್ತಾರೆ. ಅರ್ಧಕ್ಕಿಂತ ಜಾಸ್ತಿ ಷೇರು ಯಾರ ಕೈಗೆ ಹೋಗುತ್ತದೋ, ನಿರ್ದೇಶಕರ ಮಂಡಳಿಯಲ್ಲಿ ಯಾರಿರಬೇಕು ಅಂತ ತೀರ್ಮಾನಿಸುವವರು ಅವರೇ. ಇದನ್ನೇ ಸ್ವಾಧೀನ ಅಥವಾ ಟೇಕೋವರ್ ಅನ್ನುವುದು.

ಇನ್ನೊಂದು ದಾರಿಯೂ ಇದೆ. ಪಾಲನ್ನು ಮುಟ್ಟದೆ, ಹೋಟೆಲಿನ ಹೆಸರು, ಒಲೆ, ಕಾವಲಿ, ಗಿರಾಕಿಗಳ ಪಟ್ಟಿಯನ್ನು ಮಾತ್ರ ಕೊಂಡು ತನ್ನ ಹೋಟೆಲಿಗೆ ಸೇರಿಸಿಕೊಳ್ಳುವುದು. ಮೊದಲನೆಯದರಲ್ಲಿ ಕಂಪನಿ ಹಾಗೇ ಇದ್ದು ಒಡೆಯರು ಬದಲಾಗುತ್ತಾರೆ. ಎರಡನೆಯದರಲ್ಲಿ ವ್ಯಾಪಾರವೇ ಬೇರೆ ಕಂಪನಿಗೆ ಹೋಗುತ್ತದೆ. ಎರಡು ಕಂಪನಿ ಸೇರಿ ಒಂದೇ ಆದರೆ ಅದು ವಿಲೀನ.

ಅಕ್ಕನಿಗೆ ಮೊದಲು ಹೇಳಿದ್ದು ಈ ವ್ಯತ್ಯಾಸವನ್ನೇ. ಸೋದರಳಿಯನ ಕಂಪನಿಯಲ್ಲಿ ಮಾರಾಟವಾದದ್ದು ಷೇರು. ಅಂದರೆ ಕಾಗದದ ಮೇಲೆ ಅವನಿಗೆ ಸಂಬಳ ಕೊಡುವ ಕಂಪನಿ ನಿನ್ನೆ ಇದ್ದದ್ದೇ. ಅವನ ನೇಮಕಾತಿ ಪತ್ರ ಮಾರಾಟದ ಕಾರಣಕ್ಕೆ ತಾನಾಗಿ ರದ್ದಾಗುವುದಿಲ್ಲ. ವ್ಯಾಪಾರವೇ ಬೇರೆಯವರಿಗೆ ಹೋಗಿದ್ದರೆ ಹೊಸ ಪತ್ರ, ಹಳೆಯ ಸರ್ವಿಸಿನ ಲೆಕ್ಕ, ಎಲ್ಲವನ್ನೂ ಕೂತು ಓದಬೇಕಾಗುತ್ತಿತ್ತು.

ಕಟ್ಟಿದವರು ಒಪ್ಪದಿದ್ದರೂ ಕೊಳ್ಳಬಹುದೇ?

ಕೊಳ್ಳಬಹುದು. ಬೆಂಗಳೂರಿನಲ್ಲೇ ನಡೆದ ಮೈಂಡ್‌ಟ್ರೀ ಪ್ರಕರಣ ಇದಕ್ಕೆ ತುಂಬ ಒಳ್ಳೆಯ ಪಾಠ. 1999ರಲ್ಲಿ ಹತ್ತು ಜನ ಸೇರಿ ಕಟ್ಟಿದ ಸಾಫ್ಟ್‌ವೇರ್ ಕಂಪನಿ ಅದು. 2019ರ ಹೊತ್ತಿಗೆ ಅದನ್ನು ನಡೆಸುತ್ತಿದ್ದ ಸ್ಥಾಪಕರ ಬಳಿ ಒಟ್ಟು ಸುಮಾರು 13% ಷೇರು ಮಾತ್ರ ಉಳಿದಿತ್ತು. ಅವರಿಗಿಂತ ದೊಡ್ಡ ಪಾಲುದಾರ ಕೆಫೆ ಕಾಫಿ ಡೇ ಕಟ್ಟಿದ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ. ಅವರ ಕಡೆಯಲ್ಲಿ 20.32% ಇತ್ತು. ಆ ವರ್ಷ ಮಾರ್ಚ್‌ನಲ್ಲಿ ಅಷ್ಟನ್ನೂ ಲಾರ್ಸನ್ ಅಂಡ್ ಟೂಬ್ರೊ ಕಂಪನಿಗೆ ಷೇರಿಗೆ 980 ರೂಪಾಯಿಯಂತೆ ಮಾರಲು ಅವರು ಒಪ್ಪಿದರು. ಒಟ್ಟು 3,269 ಕೋಟಿ ರೂಪಾಯಿ.

ಸ್ಥಾಪಕರು ಬಹಿರಂಗವಾಗಿ ವಿರೋಧಿಸಿದರು. ತಮ್ಮ ಕಂಪನಿಯ ಸಂಸ್ಕೃತಿಯೇ ಬೇರೆ, ಬೇರೆಯವರ ಕೈಗೆ ಹೋದರೆ ಕೆಡುತ್ತದೆ ಅನ್ನುವುದು ಅವರ ವಾದ. ಆದರೆ ಸ್ಟಾಕ್ ಮಾರುಕಟ್ಟೆಯಲ್ಲಿರುವ ಕಂಪನಿಯ ಷೇರನ್ನು ಯಾರು ಬೇಕಾದರೂ ಕೊಳ್ಳಬಹುದು. ಹಾಗೆ ಕೊಳ್ಳುವವರ ಪಾಲು 25% ಮುಟ್ಟಿದಾಗ ಷೇರು ಮಾರುಕಟ್ಟೆಯ ಮೇಲೆ ಕಣ್ಣಿಡುವ ಸೆಬಿಯ ನಿಯಮವೊಂದು ಜಾರಿಗೆ ಬರುತ್ತದೆ. ಉಳಿದ ಷೇರುದಾರರಿಂದಲೂ ಕನಿಷ್ಠ 26% ಕೊಳ್ಳಲು ತಯಾರಿದ್ದೇನೆ ಅಂತ ಕೊಳ್ಳುವವರು ಬಹಿರಂಗವಾಗಿ ಕೇಳಬೇಕು. ಇದಕ್ಕೆ ಓಪನ್ ಆಫರ್ ಅಂತ ಹೆಸರು. ದೊಡ್ಡವರು ಮಾತ್ರ ಒಳ್ಳೆಯ ಬೆಲೆಗೆ ಮಾರಿಕೊಂಡು, ನೂರು ಷೇರು ಇಟ್ಟುಕೊಂಡ ನಿವೃತ್ತ ಮೇಷ್ಟರು ಸಿಕ್ಕಿಬೀಳಬಾರದು ಅನ್ನುವುದು ಇದರ ಉದ್ದೇಶ. ಲಾರ್ಸನ್ ಅಂಡ್ ಟೂಬ್ರೊ 31%ಕ್ಕೆ ಆಫರ್ ಇಟ್ಟಿತು. ಜೂನ್ ಮುಗಿಯುವ ಹೊತ್ತಿಗೆ ಅದರ ಪಾಲು ಸುಮಾರು 60% ಆಗಿತ್ತು. ಜುಲೈನಲ್ಲಿ ಅಲ್ಲಿದ್ದ ಸ್ಥಾಪಕರು ರಾಜೀನಾಮೆ ಕೊಟ್ಟರು. 2022ರ ನವೆಂಬರ್‌ನಲ್ಲಿ ಅದು ಲಾರ್ಸನ್ ಅಂಡ್ ಟೂಬ್ರೊದ ಇನ್ನೊಂದು ಸಾಫ್ಟ್‌ವೇರ್ ಕಂಪನಿ ಎಲ್‌ಟಿಐ ಜೊತೆ ವಿಲೀನವಾಗಿ ಎಲ್‌ಟಿಐ ಮೈಂಡ್‌ಟ್ರೀ ಆಯಿತು.

ಕಟ್ಟಿದವರು ಬೇರೆ, ಒಡೆಯರು ಬೇರೆ ಆಗಿರಬಹುದು. ಕಂಪನಿಗಳ ಲೋಕದಲ್ಲಿ ಹೊಸಬರಿಗೆ ಅರ್ಥವಾಗಲು ತುಂಬ ಕಷ್ಟವಾಗುವ ವಿಷಯ ಇದೇ.

ತಾನೇ ಮಾಡಿಕೊಳ್ಳಬಹುದಲ್ವಾ?

ಈಗ ಸೋದರಳಿಯನ ಪ್ರಶ್ನೆಗೆ ಬರೋಣ. ದೊಡ್ಡ ಕಂಪನಿಯಲ್ಲಿ ದುಡ್ಡಿದೆ, ಸಾವಿರಾರು ಎಂಜಿನಿಯರುಗಳಿದ್ದಾರೆ. ಮತ್ಯಾಕೆ ಹೊರಗಿಂದ ಕೊಳ್ಳಬೇಕು?

ಗೂಗಲ್ 2005ರ ಆರಂಭದಲ್ಲೇ ಗೂಗಲ್ ವಿಡಿಯೋ ಅನ್ನುವ ಸೇವೆ ಶುರು ಮಾಡಿತ್ತು. ಅದೇ ಹೊತ್ತಿಗೆ ಮೂವರು ಗೆಳೆಯರು ಯೂಟ್ಯೂಬ್ ಶುರು ಮಾಡಿದರು. ಒಂದೂವರೆ ವರ್ಷದಲ್ಲಿ ಜನ ಯೂಟ್ಯೂಬ್ ಕಡೆ ಹೋಗಿಯಾಗಿತ್ತು. ಅಲ್ಲಿ ವಿಡಿಯೋ ಹಾಕುವುದು ಸುಲಭ, ಇನ್ನೊಬ್ಬರಿಗೆ ತೋರಿಸುವುದೂ ಸುಲಭ. 2006ರ ಅಕ್ಟೋಬರ್‌ನಲ್ಲಿ ಗೂಗಲ್ 165 ಕೋಟಿ ಡಾಲರ್ ಕೊಟ್ಟು ಯೂಟ್ಯೂಬನ್ನೇ ಕೊಂಡಿತು. ತಂತ್ರಜ್ಞಾನ ಗೂಗಲ್ ಬಳಿ ಇತ್ತು. ಇಲ್ಲದಿದ್ದದ್ದು ಅಲ್ಲಿ ಸೇರಿದ್ದ ಜನ. ಸಂತೆ ಒಂದು ಕಡೆ ಕೂಡಿದ ಮೇಲೆ ಪಕ್ಕದೂರಲ್ಲಿ ಇನ್ನೊಂದು ಸಂತೆ ಕೂಡಿಸುವುದು ಎಷ್ಟು ಕಷ್ಟ ಅಂತ ಹಳ್ಳಿಯವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಕಾರಣ ಹೊಟ್ಟೆಪಾಡಿನದು. 1975ರಲ್ಲಿ ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿಯನ್ನು ಮಾಡಿದ್ದು ಕೊಡಾಕ್ ಕಂಪನಿಯ ಒಳಗಿದ್ದ ಎಂಜಿನಿಯರ್ ಸ್ಟೀವ್ ಸ್ಯಾಸನ್. ಆದರೆ ಕೊಡಾಕ್ ಬದುಕಿದ್ದು ಫಿಲ್ಮ್ ರೋಲ್ ಮಾರಿ. ರೋಲ್ ಬೇಡದ ಕ್ಯಾಮೆರಾ ಬಂದರೆ ತನ್ನ ಅನ್ನಕ್ಕೇ ಕಲ್ಲು. ಹಾಗಾಗಿ ಅದು ಹಿಂದೆಮುಂದೆ ನೋಡಿತು. 2012ರಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಕೊಡಾಕ್‌ನಲ್ಲಿ ಕೂತವರು ದಡ್ಡರಾಗಿರಲಿಲ್ಲ. ಇರುವ ಗಳಿಕೆಯನ್ನು ಕಾಪಾಡುವುದೇ ಅವರ ಕೆಲಸವಾಗಿತ್ತು. ಸಣ್ಣ ಕಂಪನಿಗೆ ಕಾಪಾಡಿಕೊಳ್ಳಲು ಏನೂ ಇರುವುದಿಲ್ಲ, ಅದಕ್ಕೇ ಅದು ನುಗ್ಗುತ್ತದೆ.

ಮಾರುವವರ ಕಡೆಯಿಂದಲೂ ನೋಡಬೇಕು. ಸ್ಟಾರ್ಟಪ್‌ಗೆ, ಅಂದರೆ ಹೊಸದಾಗಿ ಶುರುವಾದ ಸಣ್ಣ ಕಂಪನಿಗೆ, ದುಡ್ಡು ಹಾಕುವ ವೆಂಚರ್ ಕ್ಯಾಪಿಟಲ್ ಫಂಡುಗಳು ತಮ್ಮ ದುಡ್ಡನ್ನಷ್ಟೇ ಹಾಕುವುದಿಲ್ಲ. ಬೇರೆಯವರಿಂದ ತಂದದ್ದು, ಸಾಮಾನ್ಯವಾಗಿ ಹತ್ತು ವರ್ಷದೊಳಗೆ ಲಾಭ ಸಮೇತ ವಾಪಸ್ ಕೊಡಬೇಕು. ವಾಪಸ್ ಬರಲು ಮುಖ್ಯವಾಗಿ ಎರಡು ಬಾಗಿಲು. ಒಂದೋ ಕಂಪನಿ ಷೇರು ಮಾರುಕಟ್ಟೆಗೆ ಬರಬೇಕು, ಇಲ್ಲವೇ ಯಾರಾದರೂ ಕೊಳ್ಳಬೇಕು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಗೆಳೆಯನ ಜೊತೆ 1996ರಲ್ಲಿ ಹಾಟ್‌ಮೇಲ್ ಅನ್ನುವ ಇಮೇಲ್ ಸೇವೆ ಶುರು ಮಾಡಿ ಮರುವರ್ಷವೇ ಮೈಕ್ರೋಸಾಫ್ಟ್‌ಗೆ ಮಾರಿದ್ದು ನೆನಪಿರಬಹುದು. 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಫ್ಲಿಪ್‌ಕಾರ್ಟ್‌ನ 77% ಪಾಲನ್ನು 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್‌ಗೆ ಕೊಂಡಿತು. ಅದರಿಂದ ಕೈಗೆ ಬಂದ ದುಡ್ಡಿನಲ್ಲಿ ಒಂದಿಷ್ಟು ಮತ್ತೆ ಹೊಸ ಸ್ಟಾರ್ಟಪ್‌ಗಳಿಗೆ ಹೋಯಿತು. ಮಾರಾಟ ಇಲ್ಲದಿದ್ದರೆ ಈ ಚಕ್ರ ತಿರುಗುವುದು ಕಷ್ಟ.

ಕೈಯಲ್ಲಿರುವ ಫೋನನ್ನೇ ನೋಡೋಣ

ಹಾಗಾದರೆ ಹೊಸದು ಹುಟ್ಟುವುದು ಸ್ಟಾರ್ಟಪ್‌ನಲ್ಲಿ, ದೊಡ್ಡವರು ಸುಮ್ನೆ ಕೊಳ್ಳುತ್ತಾರೆ, ಅಷ್ಟೇನಾ? ಅಷ್ಟು ಸರಳವಲ್ಲ. ಇದನ್ನು ಓದುತ್ತಿರುವ ಫೋನನ್ನೇ ಒಮ್ಮೆ ತಿರುವಿ ನೋಡಿ.

ಆಂಡ್ರಾಯ್ಡ್ ಅಂದರೆ ಗೂಗಲ್ ಅಂತ ನಮ್ಮ ಲೆಕ್ಕ. ಅದು 2003ರಲ್ಲಿ ಆಂಡಿ ರೂಬಿನ್ ಮತ್ತು ಮೂವರು ಸೇರಿ ಶುರು ಮಾಡಿದ ಕಂಪನಿ. ಮೊದಲು ಯೋಚಿಸಿದ್ದು ಡಿಜಿಟಲ್ ಕ್ಯಾಮೆರಾಕ್ಕಾಗಿ! ಗೂಗಲ್ ಅದನ್ನು ಕೊಂಡದ್ದು 2005ರಲ್ಲಿ. ಅದರ ಒಳಗಿನ ಬುನಾದಿ ಲಿನಕ್ಸ್ ಅನ್ನುವ ಸಾಫ್ಟ್‌ವೇರ್. ಅದನ್ನು 1991ರಲ್ಲಿ ಶುರು ಮಾಡಿದ್ದು ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, ಬೆಳೆಸಿದ್ದು ಜಗತ್ತಿನ ಸಾವಿರಾರು ಜನ. ಆ್ಯಪ್‌ಗಳನ್ನು ಬರೆಯಲು ಆರಿಸಿಕೊಂಡ ಜಾವಾ ಭಾಷೆ ಸನ್ ಮೈಕ್ರೋಸಿಸ್ಟಮ್ಸ್ ಅನ್ನುವ ಇನ್ನೊಂದು ಕಂಪನಿಯದು.

ಗೂಗಲ್ ಮ್ಯಾಪ್ಸ್? ಅದರ ಬೀಜ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಾಲ್ಕು ಜನ ಕಟ್ಟಿದ ವೇರ್ ಟೂ ಅನ್ನುವ ಪುಟ್ಟ ಕಂಪನಿಯಲ್ಲಿತ್ತು. ಗೂಗಲ್ 2004ರಲ್ಲಿ ಕೊಂಡಿತು. ಆ ನಕ್ಷೆಯ ಮೇಲೆ ನೀವಿರುವ ಜಾಗ ತೋರಿಸುವ ಜಿಪಿಎಸ್ ಅಮೆರಿಕದ ಸೇನೆಯ ದುಡ್ಡಿನಲ್ಲಿ ಆದದ್ದು. ಆ್ಯಪಲ್ ಫೋನಿನಲ್ಲಿ ಮಾತಾಡುವ ಸಿರಿ ಕೂಡ ಹೊರಗಿನಿಂದ ಬಂದವಳು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ದುಡ್ಡು ಕೊಟ್ಟಿದ್ದ ಒಂದು ಯೋಜನೆಯಿಂದ ಬೇರೆ ಕಂಪನಿಯಾಗಿ ಹೊರಬಂದಳು, 2010ರಲ್ಲಿ ಆ್ಯಪಲ್ ಕೊಂಡಿತು. ಬೆರಳುಗಳಲ್ಲಿ ಹಿಗ್ಗಿಸುವ, ಕುಗ್ಗಿಸುವ ಸ್ಪರ್ಶ ತಂತ್ರದಲ್ಲಿ ಡೆಲವೇರ್ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕ ಮತ್ತು ಅವರ ವಿದ್ಯಾರ್ಥಿಯ ಕೆಲಸವಿದೆ. ಅವರು ಕಟ್ಟಿದ ಫಿಂಗರ್‌ವರ್ಕ್ಸ್ ಕಂಪನಿಯನ್ನು 2005ರಲ್ಲಿ ಆ್ಯಪಲ್ ಕೊಂಡಿತು.

ಭತ್ತ ಬೆಳೆಯುವವರಿಗೆ ಇದು ಗುರುತು ಸಿಗುತ್ತದೆ. ಬೀಜವನ್ನು ನೇರ ಗದ್ದೆಗೆ ಹಾಕುವ ಮೊದಲು ಸಸಿಮಡಿಯಲ್ಲಿ ಬೆಳೆಸುತ್ತೇವೆ. ಸಸಿಮಡಿಯಿಂದ ಯಾರಿಗೂ ಕಾಳು ಸಿಗುವುದಿಲ್ಲ, ಖರ್ಚು ಮಾತ್ರ. ಸಸಿ ಗಟ್ಟಿಯಾದ ಮೇಲೆ ಕಿತ್ತು ನಾಟಿ ಮಾಡುತ್ತೇವೆ. ವಿಶ್ವವಿದ್ಯಾಲಯ, ಸರ್ಕಾರಿ ಪ್ರಯೋಗಾಲಯ, ತಾವಾಗೇ ಸೇರಿ ಬರೆಯುವ ಸಾಫ್ಟ್‌ವೇರ್ ಬಳಗಗಳು, ಇವೆಲ್ಲ ಸಸಿಮಡಿ. ಹತ್ತಿಪ್ಪತ್ತು ವರ್ಷ ಲಾಭವಿಲ್ಲದ ಕೆಲಸ ಅಲ್ಲಿ ನಡೆಯುತ್ತದೆ. ಸ್ಟಾರ್ಟಪ್ ಆ ಸಸಿಯನ್ನು ಕಿತ್ತು ತಂದು ಮೊದಲ ಗದ್ದೆಗೆ ನೆಡುತ್ತದೆ. ದೊಡ್ಡ ಕಂಪನಿ ನೀರು, ಗೊಬ್ಬರ ಕೊಟ್ಟು ಊರಿಗೆಲ್ಲ ಸಾಲುವಷ್ಟು ಬೆಳೆಯುತ್ತದೆ. ಆಂಡ್ರಾಯ್ಡ್ ಮೊದಲ ಫೋನಿಗೆ ಬಂದದ್ದು 2008ರಲ್ಲಿ, ಗೂಗಲ್ ಕೊಂಡು ಮೂರು ವರ್ಷವಾದ ಮೇಲೆ. ಆ ಮೂರು ವರ್ಷದ ಖರ್ಚನ್ನು ನಾಲ್ಕು ಜನರ ಕಂಪನಿ ತಡೆದುಕೊಳ್ಳುವುದು ಬಹಳ ಕಷ್ಟವಿತ್ತು.

ನಮ್ಮ ಊರಿನದೇ ಉದಾಹರಣೆ ಬೇಕಾದರೆ ಫೋನ್‌ಪೇ ಇದೆ. ಫ್ಲಿಪ್‌ಕಾರ್ಟ್ ಬಿಟ್ಟು ಹೋದವರು 2015ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಅದನ್ನು ಶುರು ಮಾಡಿದರು. ಮರುವರ್ಷವೇ ಅದೇ ಫ್ಲಿಪ್‌ಕಾರ್ಟ್ ಅದನ್ನು ಕೊಂಡಿತು. ಆದರೆ ಅದು ಓಡುವ ರಸ್ತೆ ಯುಪಿಐ. ಅದನ್ನು 2016ರಲ್ಲಿ ಹಾಕಿಕೊಟ್ಟದ್ದು ರಾಷ್ಟ್ರೀಯ ಪಾವತಿ ನಿಗಮ. ತರಕಾರಿ ಗಾಡಿಯ ಮುಂದಿನ ಆ ಕ್ಯೂಆರ್ ಚೀಟಿಯ ಹಿಂದೆ ಒಂದು ಸಾರ್ವಜನಿಕ ವ್ಯವಸ್ಥೆ, ಒಂದು ಸ್ಟಾರ್ಟಪ್, ಒಂದು ಖರೀದಿ ಮೂರೂ ಇವೆ. ಮುಂದೆ 2022ರಲ್ಲಿ ಫೋನ್‌ಪೇ ಫ್ಲಿಪ್‌ಕಾರ್ಟ್‌ನಿಂದ ಬೇರೆಯಾಯಿತು.

ದೊಡ್ಡವರ ಮನೆಯಲ್ಲಿ ಹುಟ್ಟುವುದೇ ಇಲ್ವಾ?

ಹುಟ್ಟುತ್ತದೆ, ಚೆನ್ನಾಗಿಯೇ ಹುಟ್ಟುತ್ತದೆ. ಇಂದಿನ ಎಲ್ಲ ಎಲೆಕ್ಟ್ರಾನಿಕ್ಸ್‌ಗೆ ಮೂಲವಾದ ಟ್ರಾನ್ಸಿಸ್ಟರ್ 1947ರ ಡಿಸೆಂಬರ್‌ನಲ್ಲಿ ಹುಟ್ಟಿದ್ದು ಬೆಲ್ ಲ್ಯಾಬ್ಸ್‌ನಲ್ಲಿ. ಅದು ಅಮೆರಿಕದ ಟೆಲಿಫೋನ್ ವ್ಯವಸ್ಥೆಯನ್ನು ಬಹುಪಾಲು ಒಬ್ಬರೇ ಆಳುತ್ತಿದ್ದ ಎಟಿ ಅಂಡ್ ಟಿ ಕಂಪನಿಯ ಪ್ರಯೋಗಾಲಯ. ಪೈಪೋಟಿ ಇರಲಿಲ್ಲ, ಬಿಲ್ಲಿನ ದುಡ್ಡು ನಿಲ್ಲದೆ ಬರುತ್ತಿತ್ತು. ಹಾಗಾಗಿ ವಿಜ್ಞಾನಿಗಳು ಹತ್ತು ವರ್ಷ ಒಂದೇ ವಿಷಯ ಹಿಡಿದು ಕೂರಬಹುದಿತ್ತು.

ಕಥೆಯ ಮುಂದಿನ ಭಾಗ ಅಷ್ಟೇ ಮುಖ್ಯ. ಅಷ್ಟು ದೊಡ್ಡ ಶಕ್ತಿ ಒಂದೇ ಕೈಯಲ್ಲಿರಬಾರದು ಅಂತ ಅಮೆರಿಕ ಸರ್ಕಾರ ಮೊಕದ್ದಮೆ ಹೂಡಿತ್ತು. 1956ರ ಒಪ್ಪಂದದಲ್ಲಿ ಕಂಪನಿ ತನ್ನ ಹಳೆಯ ಪೇಟೆಂಟುಗಳನ್ನು ಇತರರಿಗೆ ಗೌರವಧನ ಕೇಳದೆ ಬಿಟ್ಟುಕೊಡಬೇಕಾಯಿತು. ಟ್ರಾನ್ಸಿಸ್ಟರಿನ ಪೇಟೆಂಟೂ ಅದರಲ್ಲಿತ್ತು. ಒಳಗೆ ಹುಟ್ಟಿದ್ದು ಹೊರಗೆ ಹರಿಯಿತು.

ಜನರೂ ಹರಿದರು. ಟ್ರಾನ್ಸಿಸ್ಟರ್ ಕಂಡುಹಿಡಿದ ಮೂವರಲ್ಲಿ ಒಬ್ಬರಾದ ವಿಲಿಯಂ ಶಾಕ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಸ್ವಂತ ಪ್ರಯೋಗಾಲಯ ಮಾಡಿದರು. ಅವರ ಜೊತೆ ಏಗಲಾರದೆ 1957ರಲ್ಲಿ ಎಂಟು ಜನ ಎದ್ದು ಹೋಗಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಆ ಎಂಟರಲ್ಲಿ ಇಬ್ಬರು 1968ರಲ್ಲಿ ಅಲ್ಲಿಂದಲೂ ಎದ್ದು ಚಿಪ್ ತಯಾರಿಸುವ ಇಂಟೆಲ್ ಕಟ್ಟಿದರು. ಸಿಲಿಕಾನ್ ವ್ಯಾಲಿ ಬೆಳೆದದ್ದು ಹೀಗೆ, ಒಂದು ಮನೆ ಒಡೆದು ಹತ್ತು ಮನೆಯಾಗಿ.

ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಪ್ರಯೋಗಾಲಯದಲ್ಲಿ 1973ರಲ್ಲೇ ಮೌಸ್, ಕಿಟಕಿಗಳಿರುವ ಪರದೆ ಇದ್ದ ಕಂಪ್ಯೂಟರ್ ತಯಾರಾಗಿತ್ತು. ಝೆರಾಕ್ಸ್‌ನ ಮುಖ್ಯ ವ್ಯಾಪಾರ ನಕಲು ಯಂತ್ರ. ಆ ಪರದೆಯನ್ನು ಸಾಮಾನ್ಯ ಜನರ ಮೇಜಿಗೆ ತಂದದ್ದು ಅದನ್ನು 1979ರಲ್ಲಿ ಬಂದು ನೋಡಿಹೋದ ಆ್ಯಪಲ್. ಹುಟ್ಟುವ ಜಾಗ ಮತ್ತು ಬೆಳೆಯುವ ಜಾಗ ಬೇರೆ ಬೇರೆ ಆಗುವುದು ಅಪರೂಪವೇನಲ್ಲ.

ಕೊಂಡ ಮೇಲೆ ಏನಾಗುತ್ತದೆ?

ಮತ್ತೆ ದೋಸೆ ಹೋಟೆಲಿಗೆ ಬನ್ನಿ. ಹೊಸ ಒಡೆಯರು ಬಂದರು. ಭಟ್ಟರು ಇದ್ದರೆ ಅದೇ ರುಚಿ. ಭಟ್ಟರು ಹೋದರೆ? ಕಾವಲಿ, ಹಿಟ್ಟು, ಬೋರ್ಡು ಎಲ್ಲ ಇದ್ದೂ ಗಿರಾಕಿ ಎರಡನೇ ದಿನ ಗುರುತು ಹಿಡಿಯುತ್ತಾನೆ. ತಂತ್ರಜ್ಞಾನದ ಕಂಪನಿಯಲ್ಲಿ ಈ ಕೈರುಚಿಯ ಬೆಲೆ ಇನ್ನೂ ಜಾಸ್ತಿ. ಸೋದರಳಿಯ ಬರೆದ ಕೋಡ್ ಕಂಪನಿಯದು, ಸರಿ. ಆದರೆ ಅದನ್ನು ಯಾಕೆ ಹಾಗೆ ಬರೆದ, ಯಾವ ಹತ್ತು ದಾರಿ ಬಿಟ್ಟು ಇದನ್ನು ಹಿಡಿದ ಅನ್ನುವುದು ಅವನ ತಲೆಯಲ್ಲಿದೆ.

ಅದಕ್ಕೇ ಕೊಳ್ಳುವವರು ಸ್ಥಾಪಕರಿಗೆ ಪೂರ್ತಿ ದುಡ್ಡನ್ನು ಒಂದೇ ಸಲ ಕೊಡದೆ, ಮೂರು ನಾಲ್ಕು ವರ್ಷ ಇದ್ದರೆ ಕಂತಿನಲ್ಲಿ ಕೊಡುತ್ತೇವೆ ಅನ್ನುತ್ತಾರೆ. ಇದು ಯಾವಾಗಲೂ ಫಲಿಸುವುದಿಲ್ಲ. ವಾಟ್ಸ್ಆ್ಯಪ್ ಕಟ್ಟಿದ ಇಬ್ಬರಲ್ಲಿ ಬ್ರಯನ್ ಆ್ಯಕ್ಟನ್ ಒಬ್ಬರು. 2009ರಲ್ಲಿ ಫೇಸ್‌ಬುಕ್‌ನಲ್ಲಿ ಕೆಲಸ ಕೇಳಿ ಸಿಗದೆ ವಾಪಸ್ ಬಂದಿದ್ದವರು. 2014ರಲ್ಲಿ ಅದೇ ಫೇಸ್‌ಬುಕ್ 1,900 ಕೋಟಿ ಡಾಲರ್ ಹೇಳಿ ವಾಟ್ಸ್ಆ್ಯಪ್ ಕೊಂಡಿತು. ಆಗ ಅಲ್ಲಿದ್ದವರು ಸುಮಾರು 55 ಜನ. ಜಾಹೀರಾತಿನ ದಾರಿ ಆ್ಯಕ್ಟನ್‌ಗೆ ಒಪ್ಪಿಗೆಯಾಗಲಿಲ್ಲ. 2017ರಲ್ಲಿ ಬಿಟ್ಟು ಹೊರಟರು. ಬರಬೇಕಿದ್ದ ಸುಮಾರು 85 ಕೋಟಿ ಡಾಲರ್ ಬೆಲೆಯ ಷೇರು ಅಲ್ಲೇ ಉಳಿಯಿತು ಅಂತ ಅವರೇ ಸಂದರ್ಶನದಲ್ಲಿ ಹೇಳಿದ್ದಾರೆ. ಮರುವರ್ಷ ಸಿಗ್ನಲ್ ಅನ್ನುವ ಇನ್ನೊಂದು ಸಂದೇಶ ಸೇವೆಯ ಹಿಂದಿನ ಪ್ರತಿಷ್ಠಾನಕ್ಕೆ 5 ಕೋಟಿ ಡಾಲರ್ ಹಾಕಿದರು.

ಚೆನ್ನಾಗಿ ನಡೆದದ್ದೂ ಇದೆ. ಲಂಡನ್ನಿನ ಡೀಪ್‌ಮೈಂಡ್ ಅನ್ನುವ ಕೃತಕ ಬುದ್ಧಿಮತ್ತೆಯ ಕಂಪನಿಯನ್ನು ಗೂಗಲ್ 2014ರಲ್ಲಿ ಕೊಂಡಿತು. ಅದನ್ನು ಲಂಡನ್ನಿನಲ್ಲೇ ಇರಲು ಬಿಟ್ಟಿತು, ವರ್ಷಗಟ್ಟಲೆ ಲಾಭ ಬರದಿದ್ದರೂ ಖರ್ಚು ಕೊಟ್ಟಿತು. ಪ್ರೋಟೀನುಗಳ ಆಕಾರವನ್ನು ಲೆಕ್ಕಹಾಕಿ ಹೇಳುವ ಆಲ್ಫಾಫೋಲ್ಡ್ ಅಲ್ಲಿ ತಯಾರಾಯಿತು. ಅದಕ್ಕಾಗಿ ಅಲ್ಲಿನ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದರು.

ನೆಲಕಚ್ಚಿದ್ದೂ ಇದೆ. ನೋಕಿಯಾದ ಫೋನ್ ವ್ಯಾಪಾರವನ್ನು ಮೈಕ್ರೋಸಾಫ್ಟ್ 2014ರಲ್ಲಿ ಕೊಂಡಿತು, 2015ರಲ್ಲಿ 760 ಕೋಟಿ ಡಾಲರ್ ನಷ್ಟ ಅಂತ ಬರೆದುಹಾಕಿತು. ಬೆಂಗಳೂರಿನ ಟ್ಯಾಕ್ಸಿ ಫಾರ್ ಶೂರ್ ನೆನಪಿದೆಯಾ? 2015ರಲ್ಲಿ ಓಲಾ ಅದನ್ನು 20 ಕೋಟಿ ಡಾಲರ್‌ಗೆ ಕೊಂಡಿತು, ಮರುವರ್ಷ ಮುಚ್ಚಿತು.

ಅಡುಗೆಯ ವಿಧಾನವನ್ನೇ ಗೋಡೆ ಮೇಲೆ ಬರೆದಿಟ್ಟಿದ್ದರೆ ಕಥೆ ಬೇರೆಯಾಗುತ್ತದೆ. 2010ರಲ್ಲಿ ಒರಾಕಲ್ 740 ಕೋಟಿ ಡಾಲರ್‌ಗೆ ಸನ್ ಮೈಕ್ರೋಸಿಸ್ಟಮ್ಸ್ ಕೊಂಡಿತು. ಜೊತೆಗೆ ಮಾಹಿತಿ ಕೂಡಿಡುವ ಮೈಎಸ್‌ಕ್ಯೂಎಲ್ ಮತ್ತು ಪತ್ರ, ಲೆಕ್ಕ ಬರೆಯುವ ಓಪನ್ ಆಫೀಸ್ ಕೂಡ ಅದರ ಕೈಗೆ ಬಂದವು. ಇವೆರಡೂ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರ್. ಹೊಸ ಒಡೆಯರ ಮೇಲೆ ನಂಬಿಕೆ ಬಾರದವರು ಅದೇ ಕೋಡನ್ನು ಎತ್ತಿಕೊಂಡು ಬೇರೆ ಹೆಸರಿನಲ್ಲಿ ಮುಂದುವರಿಸಿದರು. ಮೈಎಸ್‌ಕ್ಯೂಎಲ್‌ನಿಂದ ಮರಿಯಾಡಿಬಿ, ಓಪನ್ ಆಫೀಸ್‌ನಿಂದ ಲಿಬ್ರೆ ಆಫೀಸ್ ಹುಟ್ಟಿದವು. ಇವತ್ತು ಲಿಬ್ರೆ ಆಫೀಸ್‌ನಲ್ಲಿ ಕನ್ನಡದಲ್ಲೂ ಪತ್ರ ಟೈಪ್ ಮಾಡಬಹುದು. ಅದು ಹುಟ್ಟಿದ್ದಕ್ಕೆ ಒಂದು ದೊಡ್ಡ ಕಾರಣ ಆ ಖರೀದಿಯ ಮೇಲಿನ ಅಸಮಾಧಾನ.

ಬೆಳೆಯುವ ಮೊದಲೇ ಚಿವುಟಿದರೆ?

ನಾಳೆ ಪೈಪೋಟಿ ಕೊಡಬಹುದಾದವರನ್ನು ಇವತ್ತೇ ಕೊಂಡುಬಿಟ್ಟರೆ ಏನು ಗತಿ ಅನ್ನುವುದು ಸರ್ಕಾರಗಳ ಚಿಂತೆ. ಕೊಂಡು ಯೋಜನೆಯನ್ನೇ ಮುಚ್ಚಿಬಿಡುವ ರೂಢಿಯೂ ಇದೆ. ಅಮೆರಿಕದ ಔಷಧ ಕಂಪನಿಗಳನ್ನು ಅಧ್ಯಯನ ಮಾಡಿದ ಮೂವರು ಅರ್ಥಶಾಸ್ತ್ರಜ್ಞರು, ತಾವು ನೋಡಿದ ಖರೀದಿಗಳಲ್ಲಿ ಶೇ. 5.3ರಿಂದ 7.4ರಷ್ಟು ಇಂಥವು ಅಂತ 2021ರಲ್ಲಿ ಪ್ರಕಟಿಸಿದರು. ಉಳಿದವು ಹಾಗಲ್ಲ ಅನ್ನುವುದನ್ನೂ ಅದೇ ಲೆಕ್ಕ ಹೇಳುತ್ತದೆ.

ಇನ್‌ಸ್ಟಾಗ್ರಾಮನ್ನು ಫೇಸ್‌ಬುಕ್ 2012ರಲ್ಲಿ 100 ಕೋಟಿ ಡಾಲರ್‌ಗೆ ಕೊಂಡಾಗ ಅಲ್ಲಿದ್ದವರು 13 ಜನ. ಇದು ಪೈಪೋಟಿ ತಪ್ಪಿಸಲು ಮಾಡಿದ ಖರೀದಿ ಅಂತ ಅಮೆರಿಕದ ವ್ಯಾಪಾರ ಆಯೋಗ 2020ರಲ್ಲಿ ದಾವೆ ಹೂಡಿತು. 2025ರ ನವೆಂಬರ್‌ನಲ್ಲಿ ಕೆಳ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಎಂಟು ವರ್ಷ ಬೆಳೆದ ಮೇಲೆ ಪ್ರಶ್ನೆ ಕೇಳುವುದು ಕಷ್ಟ. ಹಾಗಾಗಿ ಈಗ ಕೊಳ್ಳುವ ಮೊದಲೇ ತಡೆದು ನೋಡುವುದು ಜಾಸ್ತಿಯಾಗಿದೆ. ವಿನ್ಯಾಸಗಾರರು ಬಳಸುವ ಫಿಗ್ಮಾವನ್ನು 2,000 ಕೋಟಿ ಡಾಲರ್‌ಗೆ ಕೊಳ್ಳುತ್ತೇನೆ ಅಂತ 2022ರಲ್ಲಿ ಅಡೋಬಿ ಹೇಳಿತ್ತು. ಯುರೋಪ್ ಮತ್ತು ಬ್ರಿಟನ್ನಿನ ನಿಯಂತ್ರಕರು ಒಪ್ಪುವ ಲಕ್ಷಣ ಕಾಣದೆ 2023ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಒಪ್ಪಂದದಂತೆ 100 ಕೋಟಿ ಡಾಲರ್ ಫಿಗ್ಮಾಗೆ ಕಟ್ಟಿಕೊಟ್ಟಿತು. 2025ರಲ್ಲಿ ಫಿಗ್ಮಾ ಸ್ವಂತ ಹೆಸರಿನಲ್ಲೇ ಷೇರು ಮಾರುಕಟ್ಟೆಗೆ ಬಂತು.

ಭಾರತದಲ್ಲಿ ಈ ಕೆಲಸ ಸ್ಪರ್ಧಾ ಆಯೋಗದ್ದು. ಮೊದಲು ಕಂಪನಿಯ ಆಸ್ತಿ, ವಹಿವಾಟು ಎಷ್ಟು ಅಂತ ನೋಡಿ ಅನುಮತಿ ಬೇಕೋ ಬೇಡವೋ ತೀರ್ಮಾನವಾಗುತ್ತಿತ್ತು. ಸ್ಟಾರ್ಟಪ್‌ಗೆ ಕೋಟಿಗಟ್ಟಲೆ ಬಳಕೆದಾರರಿದ್ದರೂ ಆದಾಯ ಸೊನ್ನೆ ಇರಬಹುದಲ್ವಾ? ಅಂಥ ಖರೀದಿ ಜರಡಿಯಿಂದ ಸೋರಿಹೋಗುತ್ತಿತ್ತು. 2024ರ ಸೆಪ್ಟೆಂಬರ್ 10ರಿಂದ ನಿಯಮ ಬದಲಾಗಿದೆ. ಖರೀದಿಯ ಬೆಲೆ 2,000 ಕೋಟಿ ರೂಪಾಯಿ ಮೀರಿದ್ದು, ಮಾರಾಟವಾಗುವ ಕಂಪನಿಗೆ ಭಾರತದಲ್ಲಿ ಗಣನೀಯ ವ್ಯವಹಾರ ಇದ್ದರೆ ಆಯೋಗದ ಒಪ್ಪಿಗೆ ಬೇಕು.

ಕಂಪನಿ ಬೇಡ, ಜನ ಸಾಕು

ಕಾನೂನು ಬಿಗಿಯಾದ ಕಾಲದಲ್ಲೇ ಇನ್ನೊಂದು ದಾರಿ ಕಾಣಿಸಿಕೊಂಡಿದೆ. ಹೋಟೆಲ್ ಕೊಳ್ಳದೆ ಭಟ್ಟರನ್ನು ಮಾತ್ರ ಕರೆದುಕೊಂಡು ಹೋಗುವುದು. ಇದು ಎಷ್ಟು ಸುತ್ತಿ ಬರುತ್ತದೆ ನೋಡಿ.

ಇವತ್ತಿನ ಚಾಟ್‌ಬಾಟ್‌ಗಳ ಒಳಗಿರುವ ಟ್ರಾನ್ಸ್‌ಫಾರ್ಮರ್ ಅನ್ನುವ ವಿಧಾನ 2017ರಲ್ಲಿ ಬಂದದ್ದು ಗೂಗಲ್‌ನೊಳಗೆ. ಎಂಟು ಜನ ಸೇರಿ ಬರೆದ ಪ್ರಬಂಧ, ಎಲ್ಲರಿಗೂ ಓದಲು ಸಿಗುವಂತೆ ಪ್ರಕಟಿಸಿದ್ದರು. ಆ ಎಂಟು ಜನರೂ ಒಬ್ಬೊಬ್ಬರಾಗಿ ಗೂಗಲ್ ಬಿಟ್ಟರು. ಅವರಲ್ಲಿ ನೋಮ್ ಶಜೀರ್ ಒಬ್ಬರು. ತಾವು ಮಾಡಿದ ಚಾಟ್‌ಬಾಟನ್ನು ಜನರಿಗೆ ಬಿಡಲು ಗೂಗಲ್ ಹಿಂಜರಿದಾಗ 2021ರಲ್ಲಿ ಹೊರಗೆ ಬಂದು ಕ್ಯಾರೆಕ್ಟರ್ ಎಐ ಅನ್ನುವ ಕಂಪನಿ ಕಟ್ಟಿದರು. 2024ರಲ್ಲಿ ಗೂಗಲ್ ಆ ಕಂಪನಿಯನ್ನು ಕೊಳ್ಳಲಿಲ್ಲ. ಅದರ ತಂತ್ರಜ್ಞಾನ ಬಳಸುವ ಹಕ್ಕಿಗೆ ದುಡ್ಡು ಕೊಟ್ಟು, ಶಜೀರ್ ಮತ್ತು ಜೊತೆಗಾರರನ್ನು ವಾಪಸ್ ಕೆಲಸಕ್ಕೆ ಸೇರಿಸಿಕೊಂಡಿತು. ಅದೇ ವರ್ಷ ಮೈಕ್ರೋಸಾಫ್ಟ್ ಇನ್‌ಫ್ಲೆಕ್ಷನ್ ಅನ್ನುವ ಕಂಪನಿಯಿಂದ ಹೀಗೇ ಜನರನ್ನು ಕರೆದುಕೊಂಡಿತು. ಕಂಪನಿ ಹೆಸರಿಗೆ ಉಳಿಯಿತು, ತಂಡದ ಬಹುಪಾಲು ಎದ್ದು ಹೋಯಿತು. ಹೀಗಾದಾಗ ಉಳಿದ ನೌಕರರ ಷೇರಿಗೆ ಏನು ಸಿಗುತ್ತದೆ ಅನ್ನುವುದು ಆಯಾ ಒಪ್ಪಂದದ ಮೇಲೆ ನಿಂತಿರುತ್ತದೆ. ಸ್ಟಾರ್ಟಪ್‌ನಲ್ಲಿ ಸಂಬಳದ ಬದಲು ಷೇರು ಒಪ್ಪಿಕೊಳ್ಳುವ ನಮ್ಮ ಹುಡುಗರು, ಹುಡುಗಿಯರು ಆ ಸಾಲುಗಳನ್ನು ಎರಡು ಸಲ ಓದುವುದು ಒಳ್ಳೆಯದು.

ಸೋದರಳಿಯ ಹೋದ ಭಾನುವಾರ ಮನೆಗೆ ಬಂದಿದ್ದ. ಹೊಸ ಒಡೆಯರು ಎರಡು ವರ್ಷ ಇದ್ದರೆ ಬೋನಸ್ ಅಂತ ಪತ್ರ ಕೊಟ್ಟಿದ್ದಾರೆ. "ಆಮೇಲೆ ಬಿಟ್ಟು ನಂದೇ ಏನಾದ್ರೂ ಮಾಡಿದ್ರೆ ತಡೀಬಹುದಾ ಮಾವ?" ಅಂದ. ಕೆಲಸ ಬಿಟ್ಟ ಮೇಲೂ ಅದೇ ವೃತ್ತಿ ಮಾಡಬಾರದು ಅಂತ ಹಾಕುವ ಷರತ್ತನ್ನು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಮಾನ್ಯ ಮಾಡುವುದಿಲ್ಲ. ಕಂಪನಿಯ ಕೋಡನ್ನೂ ಗುಟ್ಟನ್ನೂ ಹೊತ್ತುಕೊಂಡು ಹೋಗುವಂತಿಲ್ಲ, ಕಲಿತದ್ದನ್ನು ಹೊತ್ತುಕೊಂಡು ಹೋಗಬಹುದು. ಅದನ್ನು ಹೇಳಿದೆ. ಅವನು ಫೋನ್ ತೆಗೆದು ಸೆಕ್ಷನ್ ನಂಬರ್ ಬರೆದುಕೊಂಡ. ಅಡುಗೆಮನೆಯಿಂದ ಅಕ್ಕ, "ಮೊದ್ಲು ಎರಡು ವರ್ಷ ಇರು, ಆಮೇಲೆ ನೋಡೋಣ" ಅಂದಳು.